ಹೊಸ್ತಿಲ ಸ್ವರ

ಪರಾತದ ಅಂಚಿನ ಮೇಲೆ ಎಡಗೈಯ ಬೆರಳು ಮತ್ತೆ ಓಡತೊಡಗಿದ್ದನ್ನು ಸೀಮಾ ತಡವಾಗಿ ಗಮನಿಸಿದಳು. ಬಲಗೈ ಹಿಟ್ಟು ನಾದುತ್ತಿತ್ತು. ಎಡಗೈ ಮಾತ್ರ ಅದರ ಪಾಡಿಗೆ ಅದು, ಪರಾತದ ಅಂಚನ್ನೇ ಗಿಟಾರಿನ ಕತ್ತು ಎಂದುಕೊಂಡು, ಬಿಟ್ಟ ತಂತಿ, ಮೂರನೆಯ ಫ್ರೆಟ್ಟಿನ ಮನೆ, ಒಂದನೆಯ ಮನೆ, ಮತ್ತೆ ಬಿಟ್ಟ ತಂತಿ ಎಂದು ನಾಲ್ಕು ಮೆಟ್ಟಿಲು ಇಳಿಯುತ್ತಿತ್ತು; ಇಳಿದು, ಹತ್ತದೆಯೇ ಮತ್ತೆ ಮೇಲಿನಿಂದ ಶುರು ಮಾಡುತ್ತಿತ್ತು. ಯಾರಾದರೂ ನೋಡಿದರೇನೋ ಎಂದು ಕತ್ತೆತ್ತಿದಳು. ಅಡುಗೆಮನೆಯ ತುಂಬ ಹೆಂಗಸರು. ಒಬ್ಬರೂ ಅವಳ ಕಡೆ ನೋಡುತ್ತಿರಲಿಲ್ಲ. ನಿನ್ನೆ ಮಿರಜಿನ ಕಲ್ಯಾಣ ಮಂಟಪದಲ್ಲಿ ಮೈದುನ ಭರತನ ಮೇಲೆ ಅಕ್ಷತೆ ಬಿದ್ದಿತ್ತು, ಇವತ್ತು ಸಂಜೆ ನಾಲ್ಕು ಗಂಟೆ ದಾಟಿದ ಮೇಲಿನ ಮುಹೂರ್ತಕ್ಕೆ ಹೊಸ ಸೊಸೆ ಮೇಘಾ ಸತ್ತಿ ಊರಿನ ಈ ಮನೆಯ ಹೊಸ್ತಿಲು ದಾಟುವವಳಿದ್ದಳು. ಅದೇ ನಾಲ್ಕು ಗಂಟೆಗೆ ಫೋನಿನಲ್ಲಿ ಸೀಮಾಳ ಗಿಟಾರು ಕ್ಲಾಸು. ಎಂಟು ದಿನದಿಂದ ಅವಳನ್ನು ಕಾಡುತ್ತಿದ್ದ ಹೆದರಿಕೆ ಆ ಕ್ಲಾಸಿನದು, ಮದುವೆಯದಲ್ಲ. ಮನೆಯಲ್ಲಿ ಮದುವೆ ಇಟ್ಟುಕೊಂಡು ಗಿಟಾರಿಗೆ ಹೆದರುವ ಹೆಂಗಸು ಕೃಷ್ಣೆಯ ಈ ದಂಡೆಯಲ್ಲಿ ಇನ್ನೊಬ್ಬಳು ಸಿಕ್ಕಾಳೆಯೇ ಎಂದು ಅವಳಿಗೇ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಫಿಲೋಮೆನಾ ಟೀಚರ್ ಇರುವುದು ಗೋವಾದ ಮಡಗಾಂವದಲ್ಲಿ. ಫೋನಿನ ಚೌಕದಲ್ಲಿ ಅವರ ಬೆಳ್ಳಿಕೂದಲು, ಹಿಂದೆ ಒಂದು ಹಳೇ ಕಪಾಟು, ಕಪಾಟಿನ ಮೇಲೆ ಸದಾ ಮಲಗಿರುವ ಬೆಕ್ಕು. ಅವರು ಹಿಂದಿ, ಇಂಗ್ಲಿಷು, ನಡುನಡುವೆ ಕೊಂಕಣಿ ಬೆರೆಸಿ ಆಡಿದ ಮಾತು ಸೀಮಾಳ ಕಿವಿಯೊಳಗೆ ಬೀಳುವಷ್ಟರಲ್ಲಿ ಸತ್ತಿಯ ಕನ್ನಡವಾಗಿರುತ್ತಿತ್ತು. ಮುನ್ನೂರು ವರ್ಷದ ಹಿಂದೆ ಯುರೋಪಿನ ವಾದ್ಯಗಾರರು ಬರೋಕ್ ಎನ್ನುವ ಶೈಲಿಯಲ್ಲಿ ಬಾರಿಸುವಾಗ ಕಾಗದದ ಮೇಲೆ ಬರೀ ಕೆಳಗಿನ ದಾರಿ ಇರುತ್ತಿತ್ತಂತೆ. ನಾಲ್ಕೇ ಮಂದ್ರ ಸ್ವರ, ಸುತ್ತಿ ಸುತ್ತಿ ಅವೇ. ಅದರ ಮೇಲೆ ಏನು ನಡೆಯಬೇಕೋ ಅದನ್ನು ಬಾರಿಸುವವನು ನಿಂತ ನಿಲುವಿನಲ್ಲಿ ಕಟ್ಟಬೇಕು. ಬರೆದಿಟ್ಟುಕೊಳ್ಳುವಂತಿಲ್ಲ. ಪ್ರತಿ ಸುತ್ತು ಬೇರೆ, ಆದರೆ ಪ್ರತಿ ಸುತ್ತಿನ ಕೊನೆಗೆ ಮನೆಗೆ, ಅಂದರೆ ಮೂಲಸ್ವರಕ್ಕೆ, ಬರಲೇಬೇಕು. ಮನೆಗೆ ಬರುವ ಮುಂಚೆ ಒಂದು ಸ್ವರ ಇರುತ್ತದೆ. ಮನೆಗೆ ಅರ್ಧ ಹೆಜ್ಜೆ ದೂರದಲ್ಲಿ ನಿಂತು, ಒಳಗೆ ಕರೆಯಿರಿ ಎಂದು ಕಾಯುವ ಸ್ವರ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ಸೀಮಾ ತನ್ನ ಮನಸ್ಸಿನಲ್ಲಿ ಅದನ್ನು ಹೊಸ್ತಿಲ ಸ್ವರ ಎಂದು ಕರೆದುಕೊಂಡಿದ್ದಳು, ಯಾಕೆಂದು ಯೋಚಿಸಿರಲಿಲ್ಲ. ಕಳೆದ ಭಾನುವಾರ ಟೀಚರು ಕಪಾಟಿನ ಬೆಕ್ಕನ್ನು ಇಳಿಸುತ್ತ, "ಮುಂದಿನ ವಾರ ಒಬ್ಬೊಬ್ಬರೂ ಎಂಟ ಸುತ್ತ. ನಿಮ್ಮ ಸ್ವಂತದ್ದು. ಬಾಯಿಪಾಠ ಮಾಡಿಕೊಂಡ ಬಂದ್ರ ನನಗ ಗೊತ್ತಾಗತೈತಿ" ಎಂದು ಸಹಜವಾಗಿ ಹೇಳಿದ್ದರು.

ಸೀಮಾ ಮಾಡಿಕೊಂಡದ್ದು ಬಾಯಿಪಾಠವನ್ನೇ. ಸೋಮವಾರವೇ ಕೂತು ಎಂಟು ಸುತ್ತು ಕಟ್ಟಿ, ಒಂದೊಂದನ್ನೂ ತಿದ್ದಿ, ಶನಿವಾರದ ಹೊತ್ತಿಗೆ ನಿದ್ದೆಯಲ್ಲಿ ಎಬ್ಬಿಸಿದರೂ ಬಾರಿಸುವಷ್ಟು ಉರು ಹೊಡೆದಿದ್ದಳು. ಆರನೆಯ ಸುತ್ತಿನಲ್ಲಿ ಬೇಕೆಂದೇ ಒಂದು ಸಣ್ಣ ತಡವರಿಕೆಯನ್ನೂ ಸೇರಿಸಿದ್ದಳು, ಆಗಷ್ಟೇ ಹೊಳೆದಂತೆ ಕಾಣಲಿ ಎಂದು. ಆ ತಡವರಿಕೆಯನ್ನೂ ಪ್ರಾಕ್ಟೀಸು ಮಾಡಿದ್ದಳು. ಕಳ್ಳತನಕ್ಕೂ ಒಂದು ಮಿತಿ ಬೇಡವೇ ಎಂದು ಪರಾತದ ಮುಂದೆ ಕೂತ ಸೀಮಾ ತನ್ನನ್ನೇ ಬೈದುಕೊಂಡಳು. ಆದರೆ ಸ್ವಂತದ್ದು ಎನ್ನುವುದು ಬರದಿದ್ದರೆ ಮನುಷ್ಯರು ಏನು ಮಾಡಬೇಕು? ತವರೂರು ನಿಪ್ಪಾಣಿಯ ಸಾಲೆಯಲ್ಲಿ ಭಾಷಣ ಬರೆದುಕೊಟ್ಟದ್ದು ಅಪ್ಪ, ಹುಡುಗನ ಕಡೆಯವರು ನೋಡಲು ಬಂದಾಗ ಏನು ಉತ್ತರ ಕೊಡಬೇಕೆಂದು ಹೇಳಿಕೊಟ್ಟದ್ದು ಅವ್ವನ ತಂಗಿ ಮಾವಶಿ, ಮುಂದೆ ಎಲ್ಲವನ್ನೂ ಹೇಳಿಕೊಟ್ಟದ್ದು ಗಂಡ ಶಿವರಾಜ. ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಒಪ್ಪಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಈಗ ಹೇಳಿಕೊಡುವವರು ಇಲ್ಲ. ಹೊಳೆ ಉಕ್ಕಿ ಬಂದ ವರ್ಷ ದಂಡೆಯ ಮೇಲಿನ ಮೋಟರು ಎತ್ತಿಡಲು ಹೋದ ಶಿವರಾಜನನ್ನು ಕರೆಂಟು ಹಿಡಿದಿತ್ತು; ನಾಲ್ಕು ಜನ ಹೊತ್ತು ತಂದು ಇದೇ ಪಡಸಾಲೆಯಲ್ಲಿ ಮಲಗಿಸಿದ್ದರು. ಅವನ ಅಂಗಿಯಿಂದ ಹೊಳೆಯ ನೀರು ಇಳಿದು ಇಳಿದು ಹೊಸ್ತಿಲ ತನಕ ಹೋಗಿತ್ತು.

"ಸೀಮಾ," ಎಂದಳು ದ್ರೌಪದಿ ಅತ್ತಿ. ಶಿವರಾಜ, ಭರತರ ಸೋದರತ್ತೆ ಅವಳು. ಗಂಡ ಗಟ್ಟಿಮುಟ್ಟಾಗಿದ್ದ, ಹಣೆಯ ಕುಂಕುಮ ರೂಪಾಯಿಯಗಲ ಇತ್ತು, ಮದುವೆಯ ಶಾಸ್ತ್ರಗಳೆಲ್ಲ ಅವಳ ಕೈಯಲ್ಲಿದ್ದವು. "ಸಂಜೀಮುಂದ ಶೆಡ್ಡಿನ ಕಡೆ ಒಂಚೂರ ಹೋಗಿ ಬರತೀಯೇನವಾ? ಎರಡ ದಿನಾ ಆತು ಮಣೂಕ ಯಾರೂ ನೋಡಿಲ್ಲ. ಮ್ಯಾಲಿನ ಜಾಳಿಗ್ಯಾಗ ಇಲಿ ಹತ್ತ್ಯಾವೇನೋ."

"ಹೂಂರಿ ಅತ್ತಿ. ನಾಕಕ್ಕ ಹೋಗ್ಲೆ?"

"ಹಾಂ, ನಾಕಕ್ಕ ಹೋಗು. ಅವಸರಾ ಏನಿಲ್ಲ, ಸಾವಕಾಶ ಬಾ."

ಯಾರೋ ಸೌಟು ಜೋರಾಗಿ ಆಡಿಸಿದರು. ಶೆಡ್ಡಿನಲ್ಲಿ ಒಣಗಲು ಹಾಕಿದ್ದ ಮಣೂಕಕ್ಕೆ, ಆ ಒಣದ್ರಾಕ್ಷಿಗೆ, ಏನೂ ಆಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆರತಿ ಎತ್ತುವ ಹೊತ್ತಿಗೆ ಎದುರಿಗೆ ಇರಬಾರದವರನ್ನು ದ್ರೌಪದಿ ಅತ್ತಿ ಬೆಲ್ಲ ಸವರಿದ ಮಾತಿನಲ್ಲಿ ಹೊಲಕ್ಕೆ ಕಳಿಸುತ್ತಿದ್ದಳು, ಅಷ್ಟೇ. ಗೋಡೆಗೆ ಆತು ಕೂತು ಎಲೆ ಒರೆಸುತ್ತಿದ್ದ ರುಕ್ಮವ್ವ ತಲೆ ಎತ್ತಲಿಲ್ಲ. ಮದುಮಗನ ತಾಯಿ ಅವಳು, ಸೀಮಾಳ ಅತ್ತೆ. ಮಾವ ಲಗಮಣ್ಣ ತೀರಿಕೊಂಡಂದಿನಿಂದ ಅವಳೂ ಇಂಥ ಹೊತ್ತಿನಲ್ಲಿ ಹಿತ್ತಲಿಗೆ ಸರಿಯುವವಳೇ. ಅವಳಿಗೆ ಮಾತ್ರ ಯಾರೂ ಹೇಳಬೇಕಾಗಿರಲಿಲ್ಲ. ಸೀಮಾ ಹಿಟ್ಟಿನ ಉಂಡೆ ಮುರಿದುಕೊಂಡಳು. ಮೊದಲ ವರ್ಷ ಇಂಥದಕ್ಕೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅತ್ತದ್ದಿದೆ. ಈಗ ಅಳು ಬರುವ ಜಾಗದಲ್ಲಿ ಬಂದದ್ದು ಬೇರೆಯೇ. ನಾಲ್ಕು ಗಂಟೆ ತನ್ನದಾಯಿತು, ಶೆಡ್ಡು ತನ್ನದಾಯಿತು, ಕ್ಲಾಸಿಗೆಂದು ಮನೆಯಿಂದ ಹೇಗೆ ತಪ್ಪಿಸಿಕೊಳ್ಳಲಿ ಎಂದು ಸುಳ್ಳು ಹುಡುಕುವುದು ತಪ್ಪಿತು. ಅವಮಾನವನ್ನೇ ರಜೆ ಮಾಡಿಕೊಂಡು ಒಳಗೊಳಗೇ ಖುಷಿಪಡುವ ತನ್ನ ಮನಸ್ಸು ಎಂಥದ್ದು ಎಂದು ಅವಳು ರೊಟ್ಟಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಬಡಿದಳು.

ಗಿಟಾರು ಶೆಡ್ಡಿನಲ್ಲೇ ಇರುತ್ತಿತ್ತು. ಮನೆಯಲ್ಲಿ ಬಾರಿಸಬೇಡ ಎಂದು ರುಕ್ಮವ್ವ ಹೇಳಿರಲಿಲ್ಲ. ಅವಳು ಹೇಳಿದ್ದು ಇಷ್ಟೇ: "ಬಾರಸೂದ ಬಾರಸು, ಹಾಡಬ್ಯಾಡ. ಹಾಡ ಕೇಳಿದ್ರ ಮಂದಿ ಅರ್ಥಾ ಹುಡಕತಾರ. ಬರೇ ತಂತಿ ಆದ್ರ ಏನೋ ಸಾಲಿ ಪಾಠ ಅಂತ ಹೇಳಬಹುದು." ಮಿರಜಿನ ತಂಬೂರಿ ಮಾಡುವವರ ಓಣಿಯಲ್ಲಿ ಯಾರದೋ ಹಳೇ ಗಿಟಾರು ಸಿಕ್ಕಿತ್ತು. ಬಿರುಕು ಬಿಟ್ಟ ಹೊಟ್ಟೆಗೆ ತಂಬೂರಿಯ ಅಂಟು ಹಚ್ಚಿ ಕೊಟ್ಟಿದ್ದರು. ಒಣಹವೆಯಲ್ಲಿ ಅದರ ಶ್ರುತಿ ಇಳಿಯುವುದಿಲ್ಲ ಎನ್ನುವುದು ಶೆಡ್ಡಿಗೆ ಒಯ್ದ ಮೇಲೆ ತಿಳಿದದ್ದು. ನಾಲ್ಕಕ್ಕೆ ಸ್ವಲ್ಪ ಮುಂಚೆ ಸೀಮಾ ಬದುವಿನ ಮೇಲೆ ಶೆಡ್ಡಿನ ಕಡೆ ನಡೆಯುತ್ತಿದ್ದಳು. ಎರಡೂ ಕಡೆ ಕೊಯ್ಲಾದ ದ್ರಾಕ್ಷಿ, ಬಳ್ಳಿಯ ಮೇಲೆ ಬರೀ ಎಲೆ. ಮಾರ್ಚಿನ ಬಿಸಿಲು ಬೆನ್ನ ಮೇಲೆ ಕೂತಿತ್ತು. ಹಿಂದೆ ಮನೆಯ ಮುಂದೆ ಪೆಂಡಾಲಿನ ಕೆಳಗೆ ಹೆಂಗಸರು ಸೇರುವ ಗಲಾಟೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿರುತ್ತಾರೆ. ಮದುವೆಯಾಗಿ ಬಂದ ದಿನ ಅವಳ ಕಾಲ ಮುಂದೆಯೂ ಇಟ್ಟಿದ್ದರು.

ಆವತ್ತು ಕಾರಿನಲ್ಲಿ ನಿಪ್ಪಾಣಿಯಿಂದ ಸತ್ತಿಯ ತನಕ ಅವಳು ಒಂದೇ ಒಡಪನ್ನು ತಿರುವಿ ತಿರುವಿ ಹೇಳಿಕೊಂಡಿದ್ದಳು, ಮಾವಶಿ ಕಲಿಸಿದ್ದು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದು ಹೀಗೆ ಹೊಸ್ತಿಲಲ್ಲಿ, ಬಸುರಿಯ ಕುಬಸದಲ್ಲಿ, ಅರಿಷಿಣ ಕುಂಕುಮದಲ್ಲಿ, ಅದೂ ಪ್ರಾಸ ಕಟ್ಟಿ, ಒಡಪಿನಲ್ಲಿ ಅಡಗಿಸಿ. ಮರಾಠಿಯವರು ಉಖಾಣಾ ಅನ್ನುತ್ತಾರೆ. ಸೀಮಾ ಬಾಯಿ ತೆರೆದು ಎರಡು ಪದ ಹೇಳಿದ್ದೇ ತಡ, ಬಾಗಿಲಿಗೆ ಅಡ್ಡ ನಿಂತಿದ್ದ ಹೆಂಗಸರ ಹಿಂಡು ಹೋ ಎಂದು ನಕ್ಕಿತು. "ಇದ ಹಳೇದ ಆತಬೇ! ನಮ್ಮೂರ ನಾಯಿ ಮರಿನೂ ಇದನ್ನ ಹೇಳತೈತಿ. ಹೊಸಾದ ಹಾಕು." ಹಾಗೆ ಕೂಗಿದವಳು ರುಕ್ಮವ್ವ. ಆಗ ಲಗಮಣ್ಣ ಇದ್ದ, ರುಕ್ಮವ್ವ ಒಡಪಿನ ರಾಣಿಯಾಗಿದ್ದಳು. ಬೇಡಕಿಹಾಳ, ಬೋರಗಾಂವದ ಕಡೆಯ ಬೀಗರೂ ಅವಳ ಬಾಯಿಗೆ ಹೆದರುತ್ತಿದ್ದರು. ಸೀಮಾಳ ತಲೆ ಒರೆಸಿದ ಹಲಗೆಯಾಯಿತು. ಸೇರಕ್ಕಿಯ ಮುಂದೆ ಕಾಲಿನ ಹೆಬ್ಬೆರಳು ನಡುಗುತ್ತಿತ್ತು. ಎಷ್ಟು ಹೊತ್ತು ನಿಂತಳೋ, ಆಮೇಲೆ ಕಿವಿಯ ಹಿಂದೆ ಶಿವರಾಜನ ಪಿಸುಮಾತು ಬಂತು, ಅವಳು ಅದನ್ನೇ ಗಿಣಿಯಂತೆ ಒಪ್ಪಿಸಿದಳು: "ಕಬ್ಬಿನ ಗಾಣಾ ತಿರಗತೈತಿ ಗರಗರ, ಶಿವರಾಜರ ಹೆಸರ ಹೇಳಾಕ ನನಗ್ಯಾಕ ಥರಥರ." ನಗು ಇನ್ನೂ ಹೆಚ್ಚಾಯಿತು. "ಗಂಡಂದ ಹೆಸರ ಗಂಡನ ಹೇಳಿಕೊಂಡಾನಲೇ!" ಮುಂದೆ ಪ್ರತಿ ಸಮಾರಂಭಕ್ಕೆ ಹೊರಡುವಾಗ ಶಿವರಾಜ ಅಂಗಿಗೆ ಗುಂಡಿ ಹಾಕುತ್ತ, "ಇವತ್ತ ಯಾವದ ಕೊಡ್ಲಿ?" ಎಂದು ನಗುತ್ತ ಕೇಳುತ್ತಿದ್ದ. ಕೊಟ್ಟದ್ದನ್ನು ಅವಳು ಹೇಳಿ ಬರುತ್ತಿದ್ದಳು. ಒಂದಾದರೂ ನೀನೇ ಕಟ್ಟು ಎಂದು ಅವನು ಒಮ್ಮೆ ಕೇಳಿದ್ದ, ತಮಾಷೆಗಲ್ಲ. ಕಟ್ಟುತ್ತೇನೆ ಎಂದಿದ್ದಳು. ಇಡೀ ಸಂಸಾರ ಮುಗಿಯಿತು, ಅವನ ಹೆಸರನ್ನು ತನ್ನ ಸ್ವಂತದ ಒಂದು ಮಾತಿನಲ್ಲಿ ಅವಳು ಹೇಳಲಿಲ್ಲ. ಇದು ಅವಳನ್ನು ಚುಚ್ಚುವಷ್ಟು ಇನ್ನೊಂದು ಯಾವುದೂ ಚುಚ್ಚುತ್ತಿರಲಿಲ್ಲ. ಈಗ ಕಟ್ಟಿದರೂ ಕೇಳುವವರಿಲ್ಲ. ಒಡಪು ಹೇಳಿಸುವ ಸರದಿ ಬಂದಾಗ ಕುಂಕುಮದ ತಟ್ಟೆ ಪಕ್ಕದವಳ ಹತ್ತಿರ ನಿಂತು, ಸೀಮಾಳನ್ನು ದಾಟಿ, ಆಚೆಯವಳ ಹತ್ತಿರ ಹೋಗುತ್ತದೆ.

ಶೆಡ್ಡಿನೊಳಗೆ ಹಸಿರು ಜಾಲರಿಯ ಮಬ್ಬು ಬೆಳಕು. ತಂತಿಜಾಳಿಗೆಯ ಮೇಲೆ ಮೇಲಿನಿಂದ ಕೆಳಗಿನ ತನಕ ಅಂತಸ್ತು ಅಂತಸ್ತಾಗಿ ಹರಡಿದ ದ್ರಾಕ್ಷಿ, ಅರ್ಧ ಹಣ್ಣು, ಅರ್ಧ ಮಣೂಕ. ಗಂಧಕದ ಹೊಗೆಯ ವಾಸನೆಯ ಅಡಿಯಲ್ಲಿ ಸಿಹಿಯ ವಾಸನೆ. ಸೀಮಾ ಕ್ರೇಟು ಬೋರಲು ಹಾಕಿ ಕೂತು, ಫೋನನ್ನು ಜಾಳಿಗೆಯ ಕಂಬಕ್ಕೆ ರಬ್ಬರಿನಿಂದ ಕಟ್ಟಿದಳು. ಚೌಕದಲ್ಲಿ ಟೀಚರು, ಬೆಕ್ಕು, ನಾಶಿಕದ ಒಬ್ಬ ನಿವೃತ್ತ ಸಾಹೇಬರು, ಗುವಾಹಟಿಯ ಒಬ್ಬ ಹುಡುಗಿ. ಸಾಹೇಬರು ಮೊದಲು ಬಾರಿಸಿದರು. ಅವರ ಸುತ್ತುಗಳು ಮಿಲಿಟರಿ ಕವಾಯತಿನಂತಿದ್ದರೂ ಅವರವೇ ಆಗಿದ್ದವು. ಸೀಮಾಳ ಎಂಟು ಸುತ್ತು ಬೆರಳ ತುದಿಯಲ್ಲಿ ಸಾಲು ನಿಂತಿದ್ದವು. ಆರನೆಯದರ ತಡವರಿಕೆ ಸಮೇತ.

"ಸೀಮಾ," ಎಂದರು ಟೀಚರು. "ನಿಮಗ ಬ್ಯಾರೆ ಶ್ರುತಿ. ಐದನೇ ತಂತಿಯಿಂದ ಅಲ್ಲ, ನಾಕನೇ ತಂತಿಯಿಂದ ಇಳೀರಿ. ಹೂಂ, ಸುರು ಮಾಡ್ರಿ."

ತನ್ನ ಬಾಯಿಪಾಠ ಟೀಚರಿಗೆ ಗೊತ್ತಾಗಿತ್ತು ಎನ್ನುವುದರಲ್ಲಿ ಅವಳಿಗೆ ಸಂಶಯವೇ ಉಳಿಯಲಿಲ್ಲ. ಒಂದು ತಂತಿ ಸರಿಸಿದರೆ ಕೆಳಗಿನ ದಾರಿ ಅದೇ ಇರುತ್ತದೆ: ಬಿಟ್ಟ ತಂತಿ, ಮೂರನೆಯ ಮನೆ, ಒಂದನೆಯ ಮನೆ, ಬಿಟ್ಟ ತಂತಿ. ಮೇಲಿನ ಮನೆಗಳೆಲ್ಲ ಬದಲಾಗುತ್ತವೆ. ಹೆಬ್ಬೆರಳು ಮೊದಲ ಮೆಟ್ಟಿಲು ಬಾರಿಸಿತು, ಎರಡನೆಯದು, ಮೂರನೆಯದು. ಮೇಲಿನ ಬೆರಳುಗಳು ವಾರವಿಡೀ ಓಡಾಡಿದ ಹಳೇ ಓಣಿಗೇ ಓಡಿದವು. ಹೊಸ್ತಿಲ ಸ್ವರ ಬರಬೇಕಾದ ಜಾಗದಲ್ಲಿ ಹಳೇ ಮನೆಯ ಹೊಸ್ತಿಲು ಬಂತು, ಅನ್ನದೊಳಗೆ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ. ಅವಳು ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ಮತ್ತೆ ಅದೇ ಕಲ್ಲು. ಚೌಕದಲ್ಲಿ ನಾಶಿಕದ ಸಾಹೇಬರು ಸೌಜನ್ಯಕ್ಕೆ ಬೇರೆ ಕಡೆ ನೋಡಿದರು.

"ಸಾರಿ ಟೀಚರ್, ಇಲ್ಲಿ ನೆಟ್‌ವರ್ಕ್ ಬರವಲ್ದು," ಎಂದಳು ಸೀಮಾ.

ಹೇಳಿದ ತಕ್ಷಣ ಬಾಯಿ ಕಹಿಯಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೀಚರು, "ನೆಟ್‌ವರ್ಕ್ ಛಲೋ ಐತಿ ಸೀಮಾ. ನಿಮ್ಮ ಶೆಡ್ಡಿನ ಗುಬ್ಬಿ ಸುದ್ದಾ ನನಗ ಕೇಳಾಕತ್ತೈತಿ," ಎಂದರು. ಬೈಗುಳವಿರಲಿಲ್ಲ. "ಕಡೀಕ ಮತ್ತ ನಿಮ್ಮ ಹಂತೇಲಿ ಬರತೀನಿ. ಅಲ್ಲೀತನಕ ಒಂದ ವಿಚಾರ ಮಾಡ್ರಿ. ಎಲ್ಲಿಂದ ಹೊಂಡಬೇಕು ಅನ್ನೂ ಚಿಂತಿ ನಿಮಗ್ಯಾಕ? ಎಲ್ಲಿ ಹೋಗಿ ಮುಟ್ಟಬೇಕು ಅನ್ನೂದ ಗೊತ್ತಿದ್ರ ಸಾಕು. ನಡುವ ಏನ ಸಿಗತೈತಿ ಅದನ್ನ ಹಿಡಕೊಂಡ ನಡೀರಿ."

ಸೀಮಾ ತನ್ನ ಧ್ವನಿ ಬಂದ್ ಮಾಡಿ, ಕ್ಲಾಸಿನ ಸದ್ದನ್ನೂ ಇಳಿಸಿದಳು. ಗುವಾಹಟಿಯ ಹುಡುಗಿ ತುಟಿ ಕಚ್ಚಿಕೊಂಡು ಬಾರಿಸುತ್ತಿದ್ದಳು. ಎದ್ದು ಹೋಗಿಬಿಡಲೇ ಅನ್ನಿಸಿತು. ಹೋಗುವುದಾದರೂ ಎಲ್ಲಿಗೆ, ಮನೆಯ ಹೊಸ್ತಿಲಲ್ಲಿ ಆರತಿ ನಡೆಯುತ್ತಿತ್ತು. ಅಲ್ಲಿಗೆ ಈಗ ಹೋಗುವಂತಿಲ್ಲ, ಇಲ್ಲಿ ಕೂರುವುದಕ್ಕೆ ಮುಖವಿಲ್ಲ. ಗಾಳಿ ಮನೆಯ ಕಡೆಯಿಂದ ಬೀಸುತ್ತಿತ್ತು, ಪೆಂಡಾಲಿನ ಮಾತೆಲ್ಲ ಬದುವಿನ ಮೇಲೆ ತೇಲಿ ಬರುತ್ತಿತ್ತು. ಕಾರು ಬಂದಾಗಿತ್ತು. ಮೇಘಾ ಮರಾಠಿಯಲ್ಲಿ ಏನೋ ಉಖಾಣಾ ಹೇಳಿದಳು, ಹೆಂಗಸರು ಒಪ್ಪಲಿಲ್ಲ. ದ್ರೌಪದಿ ಅತ್ತಿಯ ಗಂಟಲು ಎಲ್ಲಕ್ಕಿಂತ ಮೇಲಿತ್ತು. "ಅದು ಮೊಬೈಲ್‌ದಾಗಿಂದ! ನಡಿಯಂಗಿಲ್ಲ! ಕನ್ನಡದಾಗ ಹೇಳು, ಇಲ್ಲಾಂದ್ರ ಇವತ್ತ ಪೆಂಡಾಲದಾಗ ಮಲಕೋಬೇಕು!" ನಗು. ಆಮೇಲೆ ಮೌನ. ಆ ಮೌನ ಸೀಮಾಳಿಗೆ ಗೊತ್ತಿತ್ತು. ಸೇರಕ್ಕಿಯ ಮುಂದೆ ಹೆಬ್ಬೆರಳು ನಡುಗುವ ಮೌನ. ಪಾಪ ಹುಡುಗಿ ಎಂದುಕೊಂಡಳು, ಭರತ ಪಿಸುಗುಡಲಿ ಎಂದುಕೊಂಡಳು. ಅಷ್ಟರಲ್ಲಿ ಮೇಘಾಳ ಎಳೆಯ ಧ್ವನಿ, ಒಡಕು ಕನ್ನಡದಲ್ಲಿ, ಹೆಜ್ಜೆ ತಡವಿ ತಡವಿ ಹೊರಟಿತು: "ಮಿರಜಿ ಪ್ಯಾಟ್ಯಾಗ ಹಸರ ಬಳಿ…" ನಿಂತಿತು. "ಸತ್ತಿ ಹೊಳೀ ದಂಡ್ಯಾಗ ತಂಪ ಗಾಳಿ…" ಮತ್ತೆ ನಿಂತಿತು. "ಬಾಗಲಾ ಬಿಡ್ರಿ, ಭರತರಾವ್ ನಿಂತಾರ ಹಸಿವಿ ತಾಳಿ!" ಹೋ ಎಂದು ಚಪ್ಪಾಳೆ. ಯಾರೋ ಸಿಳ್ಳೆ ಹಾಕಿದರು.

ಸೀಮಾ ಗಿಟಾರಿನ ಮೇಲೆ ಗಲ್ಲ ಊರಿದಳು. ಹುಡುಗಿ ಬಳೆಯಿಂದ ಹೊರಟಾಗ ಅವಳಿಗೆ ಗಾಳಿ ಸಿಗುತ್ತದೆಂದು ಗೊತ್ತಿರಲಿಲ್ಲ, ಗಾಳಿ ಸಿಕ್ಕಾಗ ಹಸಿವು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಭರತರಾವ್. ಅದು ಇದ್ದ ಮೇಲೆ ಉಳಿದದ್ದು ಕಣ್ಣಿಗೆ ಬಿದ್ದದ್ದು, ಕೈಗೆ ಸಿಕ್ಕದ್ದು. ಇಷ್ಟು ವರ್ಷ ತಾನು ಮಾಡಿದ್ದು ಉಲ್ಟಾ. ಮೊದಲ ಪದ ಯಾವುದು, ಅದು ಹಳೆಯದೋ ಹೊಸದೋ, ನಕ್ಕಾರೋ ಏನೋ ಎಂದು ಬಾಗಿಲಲ್ಲೇ ಬೆವರಿದ್ದು. ಹೆಸರಿನ ಕಡೆ ನೋಡಿದ್ದೇ ಇಲ್ಲ. ಶಿವರಾಜ ಹಿಂದೆಯೇ ನಿಂತಿದ್ದ, ಅವನ ಉಸಿರು ಕಿವಿಗೆ ತಾಗುತ್ತಿತ್ತು, ಆದರೂ ಅವಳ ಕಣ್ಣು ಎದುರಿನ ಹೆಂಗಸರ ಹಲ್ಲಿನ ಮೇಲೆ ಇತ್ತು. ಅವನ ಮುಖ ಈಗ ಬೇಕೆಂದಾಗ ಪೂರ್ತಿ ನೆನಪಾಗುವುದಿಲ್ಲ. ಅಂಗಿಯ ಗುಂಡಿ ಹಾಕುವ ಕೈ ನೆನಪಾಗುತ್ತದೆ. ಅಷ್ಟು ಸಾಕು, ಅವಳು ಅಂದುಕೊಂಡಳು. ಗುಂಡಿಯಿಂದಲೇ ಹೊರಡುತ್ತೇನೆ. ಮೇಲಿನ ಜಾಳಿಗೆಯಿಂದ ಹೊರಡುತ್ತೇನೆ, ಇಲಿಯಿಂದ ಹೊರಡುತ್ತೇನೆ. ಮುಟ್ಟುವುದು ಎಲ್ಲಿಗೆಂದು ಗೊತ್ತಿದೆ.

"ಸೀಮಾ, ತಯಾರ ಅದೀರೇನ?"

ಸೀಮಾ ಬಂದ್ ಮಾಡಿದ್ದ ಧ್ವನಿಯನ್ನು ಮತ್ತೆ ಬಿಟ್ಟಳು. "ಹೌದ್ರಿ ಟೀಚರ್."

ಮೊದಲ ಸುತ್ತಿನಲ್ಲಿ ಅವಳು ಏನೂ ಜಾಣತನ ಮಾಡಲಿಲ್ಲ. ಕೆಳಗೆ ಹೆಬ್ಬೆರಳು ನಾಲ್ಕು ಮೆಟ್ಟಿಲು ಇಳಿದರೆ, ಮೇಲಿನ ಸ್ವರವೂ ಅದರ ಜೊತೆ ಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯಿತು. ನಾಲ್ಕನೆಯ ಮೆಟ್ಟಿಲಲ್ಲಿ ಬೆರಳು ಎರಡನೆಯ ತಂತಿಯ ಎರಡನೆಯ ಮನೆಯ ಮೇಲೆ ನಿಂತಿತು. ಹೊಸ್ತಿಲು. ಅಲ್ಲಿಂದ ಒಂದೇ ಮನೆ ಮುಂದೆ. ಅವಳು ಅವಸರ ಮಾಡಲಿಲ್ಲ. ನಿಂತಳು, ನಿಲ್ಲಲು ಹೆದರಿಕೆ ಆಗಲಿಲ್ಲ, ಆಮೇಲೆ ಒಳಗೆ ಬಂದಳು. ಎರಡನೆಯ ಸುತ್ತಿನಲ್ಲಿ ಗುಬ್ಬಿ ಕೂಗಿತು, ಅದರ ಎರಡು ಸ್ವರ ಹಿಡಿದುಕೊಂಡೇ ಇಳಿದಳು. ಮೂರನೆಯದರಲ್ಲಿ ಪೆಂಡಾಲಿನಲ್ಲಿ ಬಡಿಯುತ್ತಿದ್ದ ಹಲಗಿ ವಾದ್ಯದ ಪೆಟ್ಟು ಬೆರಳಿಗೆ ಬಂತು, ಬರೋಕ್‌ನಲ್ಲಿ ಹಲಗಿ ಇರುತ್ತದೋ ಇಲ್ಲವೋ ಎಂದು ಯಾರನ್ನು ಕೇಳಬೇಕು, ಬಾರಿಸಿದಳು. ನಾಲ್ಕನೆಯದರಲ್ಲಿ ಬೆರಳು ಹಳೇ ಓಣಿಗೆ ನುಗ್ಗಿ ಅದೇ ಕಲ್ಲು ಸಿಕ್ಕಿತು. ನಿಲ್ಲಲಿಲ್ಲ. ಕಲ್ಲನ್ನು ದಾಟಿ, ಎಡವಿದ್ದನ್ನು ಎಡವಿದ ಹಾಗೇ ಇಟ್ಟುಕೊಂಡು, ಹೊಸ್ತಿಲಿಗೆ ಬಂದಳು. ಎಲ್ಲಿಂದ ಹೊರಟರೂ ಕೊನೆಗೆ ಅದೇ ಅರ್ಧ ಹೆಜ್ಜೆ, ಅದೇ ಮನೆ, ಮನೆಯಲ್ಲಿ ಅದೇ ಮನುಷ್ಯ. ಐದನೆಯದರಲ್ಲಿ ಅಂಗಿಯ ಗುಂಡಿಗಳು, ಮೇಲಿನಿಂದ ಕೆಳಗೆ ಒಂದೊಂದಾಗಿ. ಆರನೆಯದರಲ್ಲಿ ಹೊಳೆಯ ನೀರು ಪಡಸಾಲೆಯಲ್ಲಿ ಇಳಿದು ಹೊಸ್ತಿಲ ತನಕ ಬಂತು, ಅದನ್ನು ತಡೆಯಲಿಲ್ಲ, ಅದೂ ಒಳಗೆ ಬರಲಿ. ಏಳನೆಯದು ಏನಾಗಿತ್ತೋ ಆಮೇಲೆ ಅವಳಿಗೆ ನೆನಪಿರಲಿಲ್ಲ. ಎಂಟನೆಯದನ್ನು ಮತ್ತೆ ಮೊದಲಿನದರಂತೆ, ಮೆಟ್ಟಿಲ ಜೊತೆ ಮೆಟ್ಟಿಲು, ಇಳಿಸಿ ಮುಗಿಸಿದಳು. ಕಣ್ಣಿಂದ ನೀರು ಇಳಿದು ಗಿಟಾರಿನ ಹೊಟ್ಟೆಯ ಮೇಲೆ ಬಿದ್ದಿತ್ತು. ಖುಷಿಯೋ ದುಃಖವೋ ಎಂದು ಬೇರೆ ಮಾಡಲು ಅವಳು ಹೋಗಲಿಲ್ಲ. ಅವನಿಗೆ ಕೊಡಬೇಕಿದ್ದ ಸಾಲ ಒಂದು ತೀರಿತ್ತು.

ಫೋನಿನಲ್ಲಿ ನಾಶಿಕದ ಸಾಹೇಬರು ಕನ್ನಡಕ ತೆಗೆದರು. ಟೀಚರು, "ಪ್ರತಿ ಸಲಾ ಮನಿಗೆ ಬಂದಾಗ ಒಂದ ಶಬ್ದಾ ಅಂದ್ರಲ್ಲ, ಏನದು?" ಎಂದು ಕೇಳಿದರು.

"ನಾನೇನ ಅಂದ್ನಿರಿ?"

"ಏನೋ ಅಂದ್ರಿ. ಎಂಟೂ ಸಲಾ. ಕಡೀಕಡೀಕ ಭಾಳ ಜೋರಾಗಿ."

ಸೀಮಾ ಅಂಗೈಯಿಂದ ತಂತಿಗಳನ್ನು ಮುಚ್ಚಿದಳು. ಹೊಸ್ತಿಲ ಸ್ವರದ ಮೇಲೆ "ಶಿವ", ಮನೆಯ ಸ್ವರದ ಮೇಲೆ "ರಾಜ". ಬಾಯಿಬಿಟ್ಟು ಹೇಳಿದ್ದಳು. ಬದುಕಿದ್ದಾಗ ಅವನನ್ನು ಕೂಗಬೇಕಾದರೆ "ಏನ್ರಿ" ಎಂದು ಕೂಗಿದವಳು, ಶುಭಕಾರ್ಯದ ದಿನ, ಮುಹೂರ್ತದ ಹೊತ್ತಿನಲ್ಲಿ, ಸತ್ತ ಗಂಡನ ಹೆಸರನ್ನು ಒಬ್ಬಳೇ ಕೂತು ಎಂಟು ಸಲ ಕೂಗಿದ್ದಳು. ನಾಚಿಕೆ ಕತ್ತಿನ ತನಕ ಏರಿ, ಅಲ್ಲಿಂದ ಮುಂದೆ ಏರಲಿಲ್ಲ. "ನಮ್ಮ ಮನಿಯವರ ಹೆಸರ್ರಿ," ಎಂದಳು. "ಅವರೀಗ ಇಲ್ಲ."

ಟೀಚರು ಬೆಕ್ಕಿನ ಬೆನ್ನು ಸವರಿದರು. "ಇರಲಿ ಬಿಡ್ರಿ. ಅದನ್ನ ತಗೀಬ್ಯಾಡ್ರಿ," ಎಂದು ಹೇಳಿ, ಮುಂದಿನ ಭಾನುವಾರದ ಮಾತು ಕೂಡ ಆಡದೆ ಕ್ಲಾಸು ಮುಗಿಸಿದರು.

ಫೋನು ಬಿಚ್ಚಲು ಎದ್ದಾಗ ಜಾಳಿಗೆಯ ಆ ಕಡೆ ರುಕ್ಮವ್ವ ನಿಂತಿದ್ದಳು. ಹಿತ್ತಲ ಬಾಗಿಲಿನಿಂದ ಬಂದಿರಬೇಕು, ಚಪ್ಪಲಿ ಇರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ಯಾರನ್ನ ಕೂಗಾಕತ್ತಿದ್ದೀಬೇ?" ಎಂದಳು. "ಹಿತ್ತಲದಾಗ ಕುಂತಿದ್ದೆ. ನನ್ನ ಮಗನ ಹೆಸರ ಕೇಳಿಸ್ತು. ಅಂವಾ ಬಂದಾನೇನೋ ಅಂತ ಓಡಿ ಬಂದ್ನಿ. ಹುಚ್ಚಿ ನಾನು. ಓಡಿ ಬಂದ್ನಿ ನೋಡು."

ತಪ್ಪಾಯಿತು ಎನ್ನುವ ಮಾತು ಸೀಮಾಳ ನಾಲಿಗೆಯ ತುದಿಗೆ ಬಂದಿತ್ತು, ಎಲ್ಲರೂ ಹೇಳಿಕೊಟ್ಟ, ಎಲ್ಲದಕ್ಕೂ ಸಲ್ಲುವ ಮಾತು. ಅವಳು ಅದನ್ನು ಹೇಳಲಿಲ್ಲ.

"ಕೂಗಾಕತ್ತಿರಲಿಲ್ಲರಿ ಅತ್ತಿ. ಅವರ ಹೆಸರ ಹೇಳಾಕತ್ತಿದ್ನಿ. ಒಡಪಿನಾಗ ಹೇಳತಾರಲ್ಲ, ಹಂಗ. ಅವತ್ತ ನೀವು ಹೊಸಾದ ಹಾಕು ಅಂದಿದ್ರಿ. ನನಗ ಬರಲಿಲ್ಲ. ಈಗ ಬಂತು."

ರುಕ್ಮವ್ವ ಅವಳನ್ನೂ ಗಿಟಾರನ್ನೂ ನೋಡಿದಳು. ಬೈಯುತ್ತಾಳೆ ಎಂದು ಸೀಮಾ ಕಾದಳು, ಬೈದರೂ ಈ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಮುದುಕಿ ಇನ್ನೊಂದು ಕ್ರೇಟನ್ನು ಕಾಲಿನಿಂದ ಎಳೆದು, ಮೊಣಕಾಲ ಮೇಲೆ ಕೈಯೂರಿ ಕೂತಳು. ಕೆಳಗಿನ ಜಾಳಿಗೆಯಿಂದ ಒಂದು ಮಣೂಕ ಎತ್ತಿ ಬೆರಳಲ್ಲಿ ಹೊಸೆದು ನೋಡಿದಳು, ಒಣಗಿದೆಯೋ ಎಂದು ನೋಡುವ ಹಾಗೆ.

"ಹಂಗಾದ್ರ ಇನ್ನೊಂದ ಸಲಾ ಬಾರಸು," ಎಂದಳು. "ಆ ಕೆಳಗ ಇಳೀತೈತೆಲ್ಲ, ಅಷ್ಟ. ನಂದೂ ಒಂದ ಬಾಕಿ ಐತಿ."

ಸೀಮಾ ಬಾರಿಸಿದಳು. ಮೇಲಿನ ಸ್ವರ ಒಂದೂ ಇಲ್ಲ, ಬರೀ ನಾಲ್ಕು ಮೆಟ್ಟಿಲು. ಎರಡು ಸುತ್ತು ಬಾಯಿ ತೆರೆಯದೆ ಹೋದವು. ಮೂರನೆಯದಕ್ಕೆ ರುಕ್ಮವ್ವ, ಹಾಡೂ ಅಲ್ಲದ ಮಾತೂ ಅಲ್ಲದ ಧ್ವನಿಯಲ್ಲಿ, ಹಳೆಯ ಆ ರಾಣಿಯ ಗತ್ತಿನಲ್ಲಿ ಗದ್ದ ಮೇಲೆತ್ತಿ ಹೊರಟಳು:

"ಹೊಳಿ ನೀರ ಹೊಳಿಗಿ ಹೋತು, ಬಳ್ಳಿ ಹಣ್ಣ ಮಣೂಕ ಆತು, ಒಣಗಿದ್ರೂ ಸಿಹಿ ಬಿಡಲಿಲ್ಲ…"

ಅಲ್ಲಿ ನಿಂತಳು. ಸೀಮಾ ಮೇಲೆ ಹೊಸ್ತಿಲ ಸ್ವರ ಒಂದನ್ನೇ ಹಿಡಿದುಕೊಂಡು ಕಾದಳು.

"…ಲಗಮಣ್ಣನ ಹೆಸರ ಬಾಯಾಗ ಉಳೀತು."

ಬೆರಳು ಒಂದು ಮನೆ ಮುಂದೆ ಸರಿಯಿತು. ಬದುವಿನ ಆಚೆಯಿಂದ ದ್ರೌಪದಿ ಅತ್ತಿಯ ಕೂಗು ಕೇಳಿತು: "ರುಕ್ಮವ್ವಾ! ಸೀಮಾ! ಎಲ್ಲಿ ಹೋದ್ರಿ? ಸೊಸಿ ಒಳಗ ಬಂದ್ಳು, ಎಲ್ಲಾ ಆತು, ಇನ್ನ ಬರ್ರಿ!"

ರುಕ್ಮವ್ವ ಏಳಲಿಲ್ಲ. ಮಣೂಕವನ್ನು ಬಾಯಿಗೆ ಹಾಕಿಕೊಂಡು, ಜಾಲರಿಯ ಆಚೆಗೆ ಕೇಳುವಂತೆ ಕೂಗಿ ಹೇಳಿದಳು.

"ತಡೀಬೇ! ನಾವಿನ್ನಾ ಹೊಸ್ತಲದಾಗ ಅದೀವಿ!"

ಆಮೇಲೆ ಸೀಮಾಳ ಕಡೆ ತಿರುಗಿ, "ಹೂಂ, ನಿಂದ ಹೇಳು," ಎಂದಳು. ಸೀಮಾ ಮತ್ತೆ ಮೇಲಿನ ಮೆಟ್ಟಿಲಿನಿಂದ ಶುರು ಮಾಡಿದಳು.